ಸಾವಿರಕ್ಕೆ ಅರವತ್ತೆರಡು

ಮಾಟುಂಗಾ, ಮುಂಬಯಿ
೧೯ ಏಪ್ರಿಲ್ ೧೯೯೫

ಅತ್ತೆಯವರಿಗೆ ಸುಗಂಧಾಳ ನಮಸ್ಕಾರಗಳು.

ಸುಖವಾಗಿ ಮುಟ್ಟಿದೆ ಅಂತ ಮೊದಲು ಬರೆಯಬೇಕಲ್ಲ, ಬರೆದೆ. ಇನ್ನು ತಾರಾಳ ಮಾತು. ಆಡಿನ ಹಾಲು ಕಾಸುವಾಗ ಅರ್ಧ ನೀರು ಬೆರೆಸಿರಿ. ನೀವು ಬೀಡಿ ಕಟ್ಟುವ ಪಡಸಾಲೆಯಲ್ಲಿ ತೊಟ್ಟಿಲು ಬೇಡ. ತಂಬಾಕು ಸಾಣಿಸುವಾಗ ಧೂಳು ಏಳುತ್ತದಲ್ಲ, ಅದು ಎದೆಗೆ ಕೂತರೆ ಕಷ್ಟ. ನಿಮ್ಮ ಮಗನನ್ನು ಅದೇ ಧೂಳಿನಲ್ಲಿ ಬೆಳೆಸಿದಿರಿ, ಇವತ್ತು ಅಥಣಿಯ ಹೈಸ್ಕೂಲಿನಲ್ಲಿ ಅವರ ಪಾಠ ರಸ್ತೆಯವರೆಗೆ ಕೇಳುತ್ತದೆ, ಗೊತ್ತು. ನನ್ನನ್ನೂ ಹತ್ತು ವರ್ಷದವಳಿದ್ದಾಗ ಬೋರಗಾಂವದಿಂದ ಕರೆತಂದು, ಅಣ್ಣನ ಮಗಳು ಅಂತ ಅದೇ ಪಡಸಾಲೆಯಲ್ಲಿ ಕೂರಿಸಿ ಓದಿಸಿದಿರಿ, ಆಮೇಲೆ ಸೊಸೆ ಮಾಡಿಕೊಂಡಿರಿ. ಆದರೂ ಬರೆಯುತ್ತಿದ್ದೇನೆ. ಎಂಟು ತಿಂಗಳ ಕೂಸನ್ನು ಬಿಟ್ಟು ಬಂದವಳಿಗೆ ಬುದ್ಧಿ ಹೇಳುವ ಹಕ್ಕಿಲ್ಲ, ಹೇಳದೆ ಇರುವ ಶಕ್ತಿಯೂ ಇಲ್ಲ.

ನಿನ್ನ ಕೆಲಸ ಏನು ಅಂತ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದಿರಿ, ಅಷ್ಟರಲ್ಲಿ ಬಸ್ಸು ಬಿಟ್ಟಿತು. ಕೊಲ್ಲಾಪುರದ ನಮ್ಮ ಎಂ.ಬಿ.ಎ. ಕಾಲೇಜಿನ ನಿಯಮ ಹೀಗಿದೆ: ಬೇಸಿಗೆಯ ಎರಡು ತಿಂಗಳು ಯಾವುದಾದರೂ ಕಂಪನಿಯಲ್ಲಿ ದುಡಿದು ಸರ್ಟಿಫಿಕೇಟು ತಂದರೇ ಎರಡನೇ ವರ್ಷ. ನಾನು ಬಂದಿರುವ ಕಂಪನಿ ಜನರ ರೊಕ್ಕ ಕೂಡಿಸಿ ಬೇರೆ ಕಂಪನಿಗಳ ಶೇರು ಕೊಳ್ಳುತ್ತದೆ. ಕೊಳ್ಳುವ ಮೊದಲು ಆ ಕಂಪನಿ ಗಟ್ಟಿಯೋ ಟೊಳ್ಳೋ ಅಂತ ಶೋಧಿಸಿ ವರದಿ ಬರೆಯಬೇಕು. ಕನ್ಯೆ ನೋಡುವ ಮೊದಲು ಮನೆತನ ವಿಚಾರಿಸುತ್ತೇವಲ್ಲ, ಹಾಗೆ. ಹದಿನಾಲ್ಕನೇ ಮಹಡಿಯ ಒಂದು ಕೋಣೆ ತುಂಬ ಇಂಥ ವಿಚಾರಿಸುವವರೇ ಇದ್ದಾರೆ. ಅವರ ನಡುವೆ ಸೀರೆ ಉಟ್ಟವಳು ನಾನೊಬ್ಬಳೇ.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಆಫೀಸು ಬಿಡುವುದು ಏಳಕ್ಕೆ. ಜೈನರ ಮನೆಯ ಸೊಸೆ ಹೊತ್ತು ಮುಳುಗಿದ ಮೇಲೆ ಉಣ್ಣುತ್ತಿದ್ದೇನೆ.

ನಿದ್ದೆ ಹತ್ತುವುದಿಲ್ಲ. ಎದೆ ಹಾಲು ಬಿಗಿದು ಕಲ್ಲಾಗುತ್ತದೆ, ಹಿಂಡಿ ಚೆಲ್ಲುತ್ತೇನೆ. ಇದನ್ನು ಬರೆಯಬಾರದಿತ್ತು. ಮಸಿಯಲ್ಲಿ ಬರೆದಾಯಿತು.

ನಿಮ್ಮ ಸೊಸೆ
ಸುಗಂಧಾ


ನಿಪ್ಪಾಣಿ
೨೬ ಏಪ್ರಿಲ್ ೧೯೯೫

ಸುಗಂಧಾಗ ಅತ್ತಿ ಕಸ್ತೂರೆವ್ವನ ಆಶೀರ್ವಾದ.

ಕೂಸ ಆರಾಮ ಐತಿ. ಹಾಲಿಗೆ ನೀರ ಬೆರಸತೇನಿ. ತೊಟ್ಟಲಾ ಅಡಗಿಮನಿ ಬಾಗಲಕ ಸರಿಸೇನಿ. ಅಲ್ಲಿ ಧೂಳ ಬರಂಗಿಲ್ಲ, ಹೊಗಿ ಬರತೈತಿ. ಎರಡರಾಗ ಯಾವದ ಬೇಕ ನೀನ ಹೇಳು. ಮೊದಲ ಎರಡ ದಿನ ಭಾಳ ಅತ್ತಿತು, ಈಗ ಇಲ್ಲ. ಅಳತೈತಿ ಅಂತ ಬರದ್ರ ನಿನಗ ಕೆಟ್ಟನಿಸತೈತಿ, ಅಳಂಗಿಲ್ಲ ಅಂತ ಬರದ್ರ ಇನ್ನೂ ಕೆಟ್ಟನಿಸತೈತಿ. ಅದಕ್ಕ ಇದ್ದದ್ದ ಬರದೇನಿ.

ನಿನ್ನೆ ಸಕ್ಕುಬಾಯಿ ಎಲಿ ಕತ್ತರಿಸ್ಕೋತ, "ಏನ ಬೇ ಕಸ್ತೂರಿ, ಸೊಸಿ ಮುಂಬಯಿಗೆ, ಅತ್ತಿ ಬಾಣಂತನಕ್ಕ?" ಅಂದ್ಲು. "ಹೌದ ಬೇ, ನಿನ್ನ ಸೊಸಿ ಮನ್ಯಾಗ ಅದಾಳಲ್ಲ, ನಿನಗ ಒಂದ ಕಪ್ಪ ಚಾ ಸಿಕ್ಕೈತೇನು?" ಅಂದ್ನಿ. ಮಮತಾಜ ನಕ್ಕ ನಕ್ಕ ಮೊರಾನ ಕೆಡವಿದ್ಲು. ನಿನ್ನ ಗೆಳತಿ ನಿನ್ನ ಕೇಳತಾಳ. ಶಾಲ್ಯಾಗ ಏಳನೇ ಇಯತ್ತೆವರಿಗೆ ಒಂದ ಪಾಟಿ ಮ್ಯಾಲ ಬರದವರು ನೀವು.

ಹೊತ್ತ ಮುಳುಗಿದ ಮ್ಯಾಲ ಉಣ್ಣಾಕ ಹೆದರಬ್ಯಾಡ. ದೇವರಿಗೂ ಆಫೀಸ ಟೈಮ ಗೊತ್ತಿರತೈತಿ. ಉಪಾಸ ಮಾತ್ರ ಬೀಳಬ್ಯಾಡ.

ಹಾಲ ಹಿಂಡೂ ಮುಂದ ಬಿಸಿನೀರಾಗ ಅದ್ದಿ ಹಿಂಡಿದ ಅರಬಿ ಎದಿಗೆ ಇಟ್ಕೋ. ನಾ ಕೂಸಿದ್ದ ಭೀಮಗೊಂಡನ್ನ ಬಿಟ್ಟ ಕಾರಖಾನಿಗೆ ಹೋಗೂ ಮುಂದ ಹಂಗ ಮಾಡತಿದ್ನಿ.

ಅತ್ತಿ


ಮುಂಬಯಿ
೪ ಮೇ ೧೯೯೫

ಅತ್ತಿಗೆ ನಮಸ್ಕಾರ.

ನಿಮ್ಮ ಕಾಗದ ಆಫೀಸಿನ ವಿಳಾಸಕ್ಕೆ ಬಂತು. ಪಕ್ಕದ ಮೇಜಿನ ಮರಾಠಿ ಹುಡುಗಿ ನಿಮ್ಮ ಬಾಳಬೋಧದ ದೇವನಾಗರಿ ಅಕ್ಷರ ನೋಡಿ, ಅರೆ, ನಮ್ಮ ಮರಾಠಿ ಅಂತ ದೊಡ್ಡ ದನಿಯಲ್ಲಿ ಓದಲು ಹೊರಟಳು. ಎರಡು ಸಾಲು ಓದಿ, ಇದೇನು ಮಂತ್ರವೇ ಅಂತ ನನ್ನ ಮುಖ ನೋಡಿದಳು. ಮರಾಠಿ ಶಾಲೆಯಲ್ಲಿ ಕಲಿತವರು ನಮ್ಮಲ್ಲಿ ಕನ್ನಡವನ್ನೂ ಆ ಅಕ್ಷರದಲ್ಲೇ ಬರೆಯುತ್ತಾರೆ ಅಂತ ಹೇಳಿದೆ. ನಂಬಲಿಲ್ಲ. ಬಹಳ ದಿನಕ್ಕೆ ನಕ್ಕೆ.

ಈಗ ಒಂದು ಮಾತು ಕೇಳಬೇಕು. ಸಾಹೇಬರು ಇವತ್ತು ಒಂದು ಫೈಲು ಕೊಟ್ಟು, "ನಿಮ್ಮ ಊರಿನದೇ, ನೀನೇ ನೋಡು" ಅಂದರು. ತೆರೆದೆ. ನಿಮ್ಮ ಬೀಡಿ ಕಂಪನಿ, ಅತ್ತಿ. ನೀವು ಇಪ್ಪತ್ತಾರು ವರ್ಷದಿಂದ ಕಟ್ಟುತ್ತಿರುವ ಅದೇ ಬೀಡಿ. ಹೋದ ವರ್ಷ ಶೇರು ಬಿಟ್ಟಿದ್ದಾರಂತೆ. ಲಾಭ ಉಳಿದ ಬೀಡಿ ಕಂಪನಿಗಳಿಗಿಂತ ಜಾಸ್ತಿ, ಯಾಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಅದನ್ನು ಹುಡುಕುವುದು ನನ್ನ ಕೆಲಸ.

ಚೆಕ್ಕರು ಸಾಯಂಕಾಲ ನಿಮ್ಮ ಬೀಡಿ ನೋಡಿ ಇವು ಕೆಟ್ಟವು ಅಂತ ತೆಗೆದುಹಾಕುತ್ತಾನಲ್ಲ, ಆ ಛಾಟು ಸಾವಿರಕ್ಕೆ ಎಷ್ಟು? ಆಮೇಲೆ ಆ ಬೀಡಿ ಎಲ್ಲಿಗೆ ಹೋಗುತ್ತವೆ?

ಹನ್ನೆರಡು ವರ್ಷ ನಿಮ್ಮ ಪಕ್ಕದಲ್ಲಿ ಕೂತು ಓದಿದೆ. ಒಂದು ದಿನವೂ ಇದನ್ನು ಕೇಳಿರಲಿಲ್ಲ. ಇವತ್ತು ಸಾಹೇಬರು ಕೇಳಿದರು ಅಂತ ಕೇಳುತ್ತಿದ್ದೇನೆ. ನಾಚಿಕೆಯಾಗುತ್ತದೆ.

ತಾರಾ ಹೊಟ್ಟೆ ಮೇಲೆ ಬೀಳುತ್ತಾಳೋ, ಹರಿದಾಡುತ್ತಾಳೋ? ಬರೆಯಿರಿ.

ಸುಗಂಧಾ


ನಿಪ್ಪಾಣಿ
೧೫ ಮೇ ೧೯೯೫

ಸುಗಂಧಾಗ ಆಶೀರ್ವಾದ.

ಕೂಸ ಹರದಾಡತೈತಿ. ಮೊನ್ನೆ ಮೊರಕ್ಕ ಕೈ ಹಾಕಿತ್ತು, ಎತ್ತಿಕೊಂಡ್ನಿ. ಅಂಜಬ್ಯಾಡ, ಬಾಯಾಗ ಏನೂ ಹೋಗಿಲ್ಲ.

ಛಾಟ ಕೇಳಿದಿ. ಸಾವಿರ ಬೀಡಿ ಒಯ್ದ್ರ ಚೆಕ್ಕರ ಒಂದ ದಿನ ಐವತ್ತ ತಗೀತಾನ, ಒಂದ ದಿನ ಎಂಬತ್ತ. ಸಿಟ್ಟ ಬಂದ್ರ ನೂರು. ತಗದದ್ದಕ್ಕ ಮಜೂರಿ ಇಲ್ಲ. ಅವರು ಕೊಟ್ಟ ಎಲಿ ಕಡಿಮಿ ಬಿತ್ತಂದ್ರ ನಾವ ಪ್ಯಾಟ್ಯಾಗ ಕೊಂಡ ಹಾಕತೇವಿ. ತಗದ ಬೀಡಿ ಅವ ಮುರಿಯಂಗಿಲ್ಲ ಬೇ. ಬ್ಯಾರೆ ಬುಟ್ಟ್ಯಾಗ ಹಾಕತಾನ. ಆ ಬುಟ್ಟಿ ಒಳಗ ಹೋಗತೈತಿ, ನಮ್ಮ ಬೀಡಿ ಜೋಡಿನ ಕಟ್ಟಾಗಿ ಅದ ಚೀಟಿ ಹಚ್ಕೊಂಡ ಹೊರಗ ಬರತೈತಿ. ಕೆಟ್ಟದ್ದಿದ್ರ ನನ್ನ ಕಣ್ಣ ಮುಂದ ಮುರದ ಒಗಿ ಅಂತ ಒಮ್ಮೆ ಅಂದಿದ್ನಿ. "ಅಕ್ಕಾ, ನೀ ಕಟ್ಟೂದ ಕಟ್ಟ" ಅಂದಾ.

ನಿನ್ನ ಸಾಹೇಬರಿಗೆ ಬಾಯಿಮಾತ ನಡಿಯಂಗಿಲ್ಲ ಅಂತ ನಾವ ಓಣ್ಯಾಗಿನ ಆರ ಮಂದಿ ಕೂಡಿ ಒಂದ ಕೆಲಸ ಮಾಡೇವಿ. ಎಂಟ ದಿನ, ದಿನಾ ಒಬ್ಬೊಬ್ಬರು ಸಾವಿರದಂಗ ಒಯ್ದು, ಛಾಟ ಆದ ಹತ್ತ ಬೀಡಿಗೆ ಒಂದರಂಗ ಬೀಡಿ ದಾರಕ್ಕ ಗಂಟ ಹಾಕೇವಿ. ಆರ ದಾರ ಇದರಾಗ ಇಟ್ಟೇನಿ. ಲೆಕ್ಕ ನೀ ಮಾಡ್ಕೋ.

ಸಕ್ಕುಬಾಯಿ ಮೊದಲ ಒಲ್ಲೆ ಅಂದ್ಲು. ನಾ ತಿಳಿಸಿ ಹೇಳಿದ್ನಿ. ನೋಡು, ಶೇರ ತಗೊಂಡವರು ಕಂಪನಿ ಮಾಲಕರು ಅಂತ ಭೀಮಗೊಂಡ ಹೇಳ್ಯಾನ. ಅಂದ್ರ ಸುಗಂಧಾನ ಸಾಹೇಬರು ಮಾಲಕರಾಗಾವ್ರು. ಚೆಕ್ಕರ ಏನ ಮಾಡತಾನ ಅಂತ ಮಾಲಕರಿಗೆ ಗೊತ್ತಿರಂಗಿಲ್ಲ. ಗೊತ್ತಾದ್ರ ಸುಮ್ಮನ ಕುಂದ್ರತಾರೇನು?

ನೀ ಅವರಿಗೆ ತಿಳಿಯುವಂಗ ಬರಿ. ಇಂಗ್ಲೀಷಿನ್ಯಾಗ ಗಟ್ಟ್ಯಾಗಿ ಬರಿ.

ಅತ್ತಿ


ಮುಂಬಯಿ
೨೩ ಮೇ ೧೯೯೫

ಅತ್ತಿಗೆ ನಮಸ್ಕಾರ.

ನಿಮ್ಮ ದಾರಗಳನ್ನು ಮೇಜಿನ ಮೇಲೆ ಹರಡಿ ಗಂಟು ಎಣಿಸಿದೆ. ಆರು ಮಂದಿ, ಎಂಟು ದಿನ. ಸಾವಿರಕ್ಕೆ ಅರವತ್ತೆರಡು ಬಂತು. ಎರಡು ಸಲ ಎಣಿಸಿದೆ, ಅಷ್ಟೇ.

ಸಾಹೇಬರು ಬಹಳ ಖುಷಿಯಾದರು. ಇಷ್ಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಂಥ ಅಂಕಿ ತಂದಿಲ್ಲ ಅಂತ ಎಲ್ಲರ ಎದುರು ಹೇಳಿದರು. ವರದಿ ಬರೆದು ಮುಗಿಸಿದ್ದೇನೆ, ಹದಿನೆಂಟು ಪುಟ. ಆಧಾರ ಹೇಳದೆ ಅಂಕಿ ಬರೆಯಬೇಡಿ ಅಂತ ಕಾಲೇಜಿನಲ್ಲಿ ತಲೆ ಬಡಿದು ಕಲಿಸಿದ್ದಾರೆ. ಅದಕ್ಕೆ ಕೊನೆಯ ಪುಟದಲ್ಲಿ ನಿಮ್ಮ ಆರೂ ಜನರ ಹೆಸರು, ಓಣಿ, ಕಂಪನಿ ಕಾರ್ಡಿನ ನಂಬರು ಬರೆದೆ. ನಿಮ್ಮೆಲ್ಲರ ಪಿ.ಎಫ್. ಅರ್ಜಿ ತುಂಬುವವರು ಅವರೇ ಅಲ್ಲವೇ, ನಂಬರು ನಿಮ್ಮ ಮಗನಿಗೆ ಫೋನು ಮಾಡಿ ತರಿಸಿಕೊಂಡೆ. ನಿಮ್ಮ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಟೈಪಾಗಿ ಬಂದಾಗ ಕಣ್ಣು ತುಂಬಿತು. ಆ ಕಾರ್ಡು ಬಿಟ್ಟರೆ ಎಲ್ಲಿಯೂ ಬರೆಯದ ಹೆಸರುಗಳು.

ಮುಂದೇನು ಅಂತ ಕೇಳುತ್ತೀರಿ. ಮುಂದಿನದು ಸಾಹೇಬರ ಕೈಯಲ್ಲಿ.

ಹಾಲು ನಿಂತಿತು, ಅತ್ತಿ. ಶನಿವಾರದಿಂದ ಎದೆ ಹಗುರಾಗಿದೆ. ಹಗುರಾಯಿತಲ್ಲ ಅಂತ ಅಳು ಬಂತು. ನಿದ್ದೆ ಆದರೂ ಬರಬಹುದು ಅಂದುಕೊಂಡಿದ್ದೆ, ಅದೂ ಇಲ್ಲ.

ಸುಗಂಧಾ


ನಿಪ್ಪಾಣಿ
೧ ಜೂನ್ ೧೯೯೫

ಸುಗಂಧಾಗ ಆಶೀರ್ವಾದ.

ಕೂಸಿಗೆ ಕೆಳಗಿನ ಹಲ್ಲ ಎರಡ ಬಂದಾವ. ಜ್ವರ ಬಂದಿತ್ತು, ಹೋಗೈತಿ. ಮಳಿ ಇನ್ನೂ ಇಲ್ಲ. ಭೀಮಗೊಂಡ ರವಿವಾರ ಬಂದಿದ್ದಾ, ಕೂಸಿಗೆ ಜಬಲಾ ಅಂಗಿ ತಂದಾನ, ದೊಡ್ಡದ ಆಗೈತಿ. ಬೆಳೀತೈತಿ ಬಿಡು.

ಈ ವಾರ ಬೀಡಿ ಕಟ್ಟಿಲ್ಲ. ಎಲಿ ಬಂದಿಲ್ಲ.

ನಿನ್ನ ಸರ್ಟಿಫಿಕೇಟು ಯಾವಾಗ ಕೊಡತಾರ?

ಅತ್ತಿ


ನಿಪ್ಪಾಣಿ
೩ ಜೂನ್ ೧೯೯೫

ಸುಗಂಧಾಗ ಮಮತಾಜ ಬರಿಯೂದು.

ನಾ ಬರದದ್ದ ನಿಮ್ಮ ಅತ್ತಿಗೆ ಗೊತ್ತಿಲ್ಲ. ಎಲಿ ಬಂದಿಲ್ಲ ಅಂತ ನಿನಗ ಬರದೇನಿ ಅಂತ ಹೇಳಿದ್ರು. ಎಲಿ ಬಂದಾವ. ಕಾರಖಾನಿ ತುಂಬ ಎಲಿ ಅದಾವ. ನಮಗ ಕೊಡಂಗಿಲ್ಲ.

ಸೋಮವಾರ ಮ್ಯಾನೇಜರ ನಮ್ಮ ಆರ ಮಂದಿನ ಹೆಸರ ಹಿಡದ ಕರದಾ. ಕೈಯಾಗ ಇಂಗ್ಲೀಷ ಕಾಗದ ಇತ್ತು. ನಮ್ಮ ಹೆಸರು, ನಮ್ಮ ನಂಬರು. "ಮುಂಬಯಿಗೆ ಸುದ್ದಿ ಒಯ್ಯಾವ್ರು ನೀವ ಏನ್ರಿ?" ಅಂದಾ. ಆರೂ ಕಾರ್ಡ ಇಸ್ಕೊಂಡ ಮೇಜಿನ ಖಣದಾಗ ಹಾಕಿ ಕೀಲಿ ಜಡದಾ. ನಂದ ಒಂಬತ್ತ ವರ್ಷದ ಕಾರ್ಡ. ನಿಮ್ಮ ಅತ್ತಿದು ಇಪ್ಪತ್ತಾರ. ಕಾರ್ಡ ಹ್ವಾದ್ರ ಪಿ.ಎಫ್ಫೂ ಇಲ್ಲ, ದವಾಖಾನಿನೂ ಇಲ್ಲ, ಪೆನ್ಶನ್ನೂ ಇಲ್ಲ. ಇದು ನಿನಗ ಗೊತ್ತಿಲ್ಲದ ಮಾತಲ್ಲ.

ಸಕ್ಕುಬಾಯಿ ಬಾಯಿಗೆ ಬಂದಂಗ ಬೈದ್ಲು. ನಮ್ಮ ಜೋಡಿ ಗಂಟ ಹಾಕಿದ ಫಾತಿಮಾ ಅಳಾಕತ್ತಾಳ. ನಿಮ್ಮ ಅತ್ತಿ ಮಾತ್ರ "ನನ್ನ ಸೊಸಿ ತಿಳದ ಬರದಿರತಾಳ, ತಡೀರಿ, ಮಾಲಕರ ಕಾಗದ ಬರತೈತಿ" ಅಂತ ದಿನಾ ಹೇಳತಾರ. ಟಪಾಲಿನವನ್ನ ನೋಡ್ಕೋತ ಕಟ್ಟಿ ಮ್ಯಾಲ ಕುಂತಿರತಾರ.

ನಾ ಒಂದ ಕೇಳತೇನಿ. ಗಂಟ ಕೊಟ್ಟಿದ್ವಿ. ಹೆಸರ ಕೊಟ್ಟಿದ್ವೇನು?

ಮಮತಾಜ


ಮುಂಬಯಿ
೧೨ ಜೂನ್ ೧೯೯೫

ಅತ್ತಿ,

ಮಮತಾಜ ಬರೆದಿದ್ದಾಳೆ. ಅವಳ ಮೇಲೆ ಸಿಟ್ಟಾಗಬೇಡಿ.

ನಿಮಗೆ ಹೇಳದೆ ಬಿಟ್ಟದ್ದನ್ನು ಹೇಳುತ್ತೇನೆ. ಸಾಹೇಬರು ಯಾಕೆ ಖುಷಿಯಾದರು ಅಂತ ಮೇ ತಿಂಗಳಲ್ಲೇ ನನಗೆ ಗೊತ್ತಿತ್ತು. ಛಾಟಿನ ಬೀಡಿಗೆ ಮಜೂರಿ ಇಲ್ಲ, ಬೆಲೆ ಮಾತ್ರ ಪೂರ್ತಿ ಬರುತ್ತದೆ, ಆದ್ದರಿಂದ ಈ ಕಂಪನಿಯ ಲಾಭ ಗಟ್ಟಿ. ಹಾಗೆ ಬರೆಸಿದರು. ಕೊನೆಯ ಸಾಲು: ಈ ಶೇರು ಕೊಳ್ಳಬಹುದು. ಆ ಸಾಲನ್ನು ಬರೆದದ್ದು ನನ್ನ ಕೈ. ಅನ್ಯಾಯ ಅಂತ ನೀವು ಕಳಿಸಿದ್ದು ಇಲ್ಲಿ ಗುಣವಾಯಿತು. ನಾನು ಬಾಯಿ ತೆರೆಯಲಿಲ್ಲ. ಎಲ್ಲರ ಎದುರು ಹೊಗಳಿಸಿಕೊಂಡಿದ್ದೆನಲ್ಲ.

ಇಲ್ಲಿ ಇನ್ನೊಂದು ಪದ್ಧತಿ ಇದೆಯಂತೆ. ವರದಿ ಪಕ್ಕಾ ಮಾಡುವ ಮೊದಲು ಆ ಕಂಪನಿಗೇ ಒಂದು ಪ್ರತಿ ಕಳಿಸಿ, ಅಂಕಿ ತಪ್ಪಿದ್ದರೆ ತಿದ್ದಿರಿ ಅಂತ ಕೇಳುತ್ತಾರೆ. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಕೊನೆಯ ಪುಟ ಸಮೇತ ಹೋಯಿತು.

ಸಾಹೇಬರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ ಅತ್ತಿ, ನನಗೆ ನೀರು ತರಿಸಿ ಕೊಟ್ಟರು. "ಸುಗಂಧಾ, ನಾವು ಥರ್ಮಾಮೀಟರು ಇದ್ದಂತೆ. ಜ್ವರ ಅಳೆಯುತ್ತೇವೆ, ಔಷಧ ಕೊಡುವುದಿಲ್ಲ" ಅಂದರು. ಓದು ಮುಗಿಸಿ ಇಲ್ಲಿಯೇ ಕೆಲಸಕ್ಕೆ ಬಾ, ಜಾಗ ಇಟ್ಟಿರುತ್ತೇನೆ ಅಂದರು. ಕಾರ್ಡು ಮರಳಿ ಕೊಡಿಸಿರಿ ಅಂದೆ. ಅದು ನಮ್ಮ ಕೆಲಸವಲ್ಲ ಅಂದರು.

ಮೊನ್ನೆ ನಿಮ್ಮ ಕಂಪನಿಯಿಂದ ಉತ್ತರ ಬಂತು. ವರದಿಯ ಅಂಕಿಗಳೆಲ್ಲ ಸರಿ ಇವೆ, ಸಾವಿರಕ್ಕೆ ಅರವತ್ತೆರಡು ಎಂಬುದೂ ಸರಿ, ಆ ಬೀಡಿ ಮಾರಾಟಕ್ಕೆ ಸೇರುತ್ತವೆ ಎಂಬುದೂ ಸರಿ. ಕೆಳಗೆ ಸಹಿ, ಮುದ್ರೆ. ಇಲ್ಲಿ ಶೇರು ಕೊಳ್ಳಲಿ ಅಂತ ಇಲ್ಲಿಗೆ ಒಪ್ಪಿಕೊಂಡಿದ್ದಾರೆ. ಅಲ್ಲಿ ಅದೇ ಮಾತಿಗೆ ನಿಮ್ಮ ಕಾರ್ಡು ಕಸಿದಿದ್ದಾರೆ. ಆ ಕಾಗದವನ್ನು ಫೈಲಿಗೆ ಹಚ್ಚು ಅಂತ ನನ್ನ ಕೈಗೇ ಕೊಟ್ಟಿದ್ದಾರೆ. ಹಚ್ಚಿದ್ದೇನೆ. ಹೊರಗಿನವರಿಗೆ ಯಾವ ಕಾಗದವನ್ನೂ ತೋರಿಸುವುದಿಲ್ಲ ಅಂತ ಬಂದ ದಿನ ಬರೆದುಕೊಟ್ಟಿದ್ದೇನೆ.

ನಾನೇನು ಮಾಡಲಿ, ಹೇಳಿರಿ.

ಸುಗಂಧಾ


ನಿಪ್ಪಾಣಿ
೧೭ ಜೂನ್ ೧೯೯೫

ಸುಗಂಧಾ,

ನನ್ನ ಕೇಳಬ್ಯಾಡ. ನಾ ಏನ ಹೇಳಿದ್ರೂ ನನ್ನ ಕಾರ್ಡಿನ ಸಲವಾಗಿ ಹೇಳಿದಂಗ ಆಗತೈತಿ. ನಿನ್ನ ಕಲಿಸಿದ್ದು ಕಾರ್ಡಿನ ಸಲವಾಗಿ ಅಲ್ಲ.

ಮಾಲಕರಿಗೆ ಗೊತ್ತಾದ್ರ ಸಾಕು ಅಂದಿದ್ನಿ. ಗೊತ್ತಾತು. ಖುಷಿ ಆದ್ರು. ಈ ವಯಸ್ಸಿನ್ಯಾಗ ಇದೊಂದ ಕಲಿಯೂದಿತ್ತು, ಕಲತ್ನಿ.

ಲೇಬರ ಆಫೀಸಿಗೆ ನಾವ ಹೋಗಿದ್ವಿ. ಅಲ್ಲಿಯವರು ಛಲೋ ಮಾತಾಡಿದ್ರು, ಕುಂದ್ರಿಸಿದ್ರು. ಇಪ್ಪತ್ತೊಂಬತ್ತಕ್ಕ ಕಂಪನಿಯವರನ್ನ ಕರಸತೇವಿ ಅಂದ್ರು. ಛಾಟದ ಬೀಡಿ ಮಾರತಾರ ಅಂತ ಕಂಪನಿ ಒಪ್ಪಂಗಿಲ್ಲ, ನಿಮ್ಮ ಕಡೆ ಏನರ ಕಾಗದ ಐತೇನ್ರಿ ಅಂತ ಕೇಳಿದ್ರು. ಇಲ್ಲರಿ ಅಂದ್ನಿ. ನಿನ್ನ ಕಾಗದ ಆಗಿನ್ನ ಬಂದಿರಲಿಲ್ಲ. ಈಗ ಬಂದೈತಿ. ಆದ್ರೂ ಇಲ್ಲಂತನ ಇರಲಿ ಅಂತ ಭೀಮಗೊಂಡಗೂ ತೋರಿಸಿಲ್ಲ. ನಿನಗ ಏನ ಸರಿ ಅನಸತೈತಿ ಅದನ್ನ ಮಾಡು. ಮಾಡದಿದ್ರೂ ಈ ಮನಿ ಬಾಗಲಾ ತಗದ ಇರತೈತಿ.

ಕೂಸ ಬರೂ ಹೋಗೂ ಹೆಂಗಸರಿಗೆಲ್ಲ ಅವ್ವ ಅನ್ನಾಕತ್ತೈತಿ.

ಅತ್ತಿ


ಮುಂಬಯಿ
೨೨ ಜೂನ್ ೧೯೯೫

ಅತ್ತಿ,

ಇದರೊಳಗೆ ಕಂಪನಿಯ ಆ ಕಾಗದದ ಝೆರಾಕ್ಸು ಇದೆ. ರಜಿಸ್ಟರು ಮಾಡಿದ್ದೇನೆ. ಲೇಬರ ಆಫೀಸಿಗೆ ಕೊಡಿರಿ. ಯಾರು ಕಳಿಸಿದರು ಅಂತ ಕೇಳಿದರೆ ನನ್ನ ಹೆಸರು ಹೇಳಿರಿ. ಹಿಂಬದಿ ನಾನೇ ಸಹಿ ಮಾಡಿದ್ದೇನೆ.

ಕದ್ದು ಕಳಿಸಲಿಲ್ಲ. ಟಪಾಲಿಗೆ ಹಾಕುವ ಮೊದಲು ಸಾಹೇಬರ ಎದುರು ಲಕೋಟೆ ಇಟ್ಟು, ಇದನ್ನು ಕಳಿಸುತ್ತಿದ್ದೇನೆ ಅಂದೆ. ಅವರು ವಿಳಾಸ ಓದಿ ಲಕೋಟೆಯನ್ನು ನನ್ನ ಕಡೆ ಸರಿಸಿದರು. "ನಿಲ್ಲಿಸಲು ನನಗೆ ಹಕ್ಕಿದೆ. ಈಗ ಊಟಕ್ಕೆ ಹೋಗುತ್ತೇನೆ. ಬಂದ ಮೇಲೆ ನೀನು ಈ ಕೋಣೆಯಲ್ಲಿ ಇರಬಾರದು" ಅಂದರು. ಸರ್ಟಿಫಿಕೇಟು ಕೊಡಲಿಲ್ಲ. ನಾನೂ ಕೇಳಲಿಲ್ಲ. ಎರಡನೇ ವರ್ಷ ಏನಾಗುತ್ತದೋ ಕಾಲೇಜಿನಲ್ಲಿ ಕೇಳಬೇಕು.

ಭಾನುವಾರ ಮುಟ್ಟುತ್ತೇನೆ. ಬಸ್‌ಸ್ಟ್ಯಾಂಡಿಗೆ ತಾರಾಳನ್ನು ತರಬೇಡಿ. ಅವಳು ನನ್ನನ್ನು ನೋಡಿ ನಿಮ್ಮ ಹೆಗಲಿಗೆ ಮುಖ ಒತ್ತಿಕೊಂಡರೆ ಅಷ್ಟು ಜನರ ನಡುವೆ ನನ್ನಿಂದ ಆಗುವುದಿಲ್ಲ.

ಸುಗಂಧಾ


ನಿಪ್ಪಾಣಿ
೧೧ ಆಗಸ್ಟ್ ೧೯೯೫

ಕೊಲ್ಲಾಪುರದಾಗ ಇರೂ ಸುಗಂಧಾಗ ಅತ್ತಿಯ ಆಶೀರ್ವಾದ.

ನೀ ಹೋಗಿ ಹತ್ತ ದಿನ ಆತು. ಒಂದ ವರ್ಷ ಹಿಂದ ಬಿದ್ದಿ ಅಂತ ಮನಸಿಗೆ ಹಚ್ಕೋಬ್ಯಾಡ. ಬರೂ ಬ್ಯಾಸಗಿಗೆ ಬ್ಯಾರೆ ಕಂಪನಿ ಸಿಗತೈತಿ. ಕೂಸ ನೀ ಇದ್ದಾಗ ಕಡೀ ಕಡೀಗೆ ನಿನ್ನ ಹಂತ್ಯಾಕ ಬರತಿತ್ತು. ಈಗ ಮತ್ತ ಬರೂ ಹೋಗಾವ್ರನ್ನ ನೋಡತೈತಿ. ಶನಿವಾರ ತಪ್ಪಿಸಬ್ಯಾಡ.

ಲೇಬರ ಆಫೀಸಿನ ತೀರ್ಪ ನಿನ್ನೆ ಬಂತು. ಕಂಪನಿ ವಕೀಲ ಮೊದಲ ಆ ಕಾಗದ ಸುಳ್ಳ ಅಂದಿದ್ದನಲ್ಲ, ಸಹಿ ಮಾಡಿದ ಅವರ ಸಾಹೇಬನ್ನ ಕರಸಿದ ಮ್ಯಾಲ ಬಾಯಿ ಮುಚ್ಕೊಂಡಾ. ಐದ ಮಂದಿನ ಕಾರ್ಡ ತಿರಗಿ ಕೊಟ್ಟಾರ. ನಂದ ಕೊಟ್ಟಿಲ್ಲ. ಮನ್ಯಾಗಿನ ಮಂದಿ ಕಡಿಂದ ಕಂಪನಿ ಕಾಗದ ಹೊರಗ ತರಿಸ್ಯಾಳ ಅಂತ ನನ್ನ ಮ್ಯಾಲ ಬ್ಯಾರೆ ಕೇಸ ಇಟ್ಟಾರ. ಅದು ವರ್ಷಗಟ್ಟಲೆ ನಡಿತೈತಿ ಅಂತಾರ. ನಡೀಲಿ.

ಸಕ್ಕುಬಾಯಿ, "ಕಸ್ತೂರಿಗೆ ಕೊಡದಿದ್ರ ನಮಗೂ ಬ್ಯಾಡ" ಅಂತ ಆಫೀಸಿನ ಬಾಗಲದಾಗ ಕುಂತ್ಲು. ಬೈದ ಬೈದ ನನ್ನ ಮಾರಿ ನೋಡದಾಕಿ ಆಕಿನ. "ಏಳ ಬೇ, ನಾಟಕ ಮಾಡಬ್ಯಾಡ, ಮನ್ಯಾಗ ಒಲಿ ಹೊತ್ತಿಲ್ಲ" ಅಂತ ನಾನ ಎಬ್ಬಿಸಿದ್ನಿ. ಎದ್ದ ಹ್ವಾದ್ಲು. ಹೋಗೂದ ಬೇಕಾಗಿತ್ತು.

ನಾ ಈಗ ಮಮತಾಜನ ಕಾರ್ಡಿನ ಮ್ಯಾಲ ಕಟ್ಟತೇನಿ. ಬರದಿಡೂದು ಆಕಿ ಹೆಸರು, ಅರ್ಧಾ ಬೀಡಿ ನನ್ನವು. ಇಪ್ಪತ್ತಾರ ವರ್ಷ ನನ್ನ ಹೆಸರಿನ್ಯಾಗ ಕಟ್ಟಿದಾಕಿಗೆ ಕೈ ಒಮ್ಮೊಮ್ಮೆ ತಡವರಿಸತೈತಿ. ರೂಢಿ ಆಗತೈತಿ.

ಮಮತಾಜ ನಿನಗ ಕಾಗದ ಬರಿಯಂಗಿಲ್ಲ. ಒತ್ತಾಯ ಮಾಡಬ್ಯಾಡ. ಸಿಟ್ಟ ಕಾರ್ಡಿಂದಲ್ಲ, ಕಾರ್ಡ ಬಂದೈತಿ. ನಿನ್ನೆ ಎಲಿ ನೆನಸ್ಕೋತ ಒಂದ ಮಾತ ಅಂದ್ಲು. ನಾ ಅದನ್ನ ಬರಿಬೇಕೋ ಬ್ಯಾಡೋ ಅಂತ ಮುಂಜಾನಿಂದ ವಿಚಾರ ಮಾಡಿ ಬರಿಯಾಕತ್ತೇನಿ. ನೀ ಮುಂದ ಇಂಥಾ ಕೆಲಸಾನ ಮಾಡಾಕಿ, ನಿನಗ ಗೊತ್ತಿರಬೇಕು.

"ಹೆಸರ ಬರಿಲೇನು ಅಂತ ಒಂದ ಮಾತ ಕೇಳಿದ್ರ, ನಾವ ಹೂಂ ಅಂತಿದ್ವಿ" ಅಂದ್ಲು.

ಅತ್ತಿ